ಗೋಬರ್ ಗ್ಯಾಸ್: ನೀರಿನ ಲೆಕ್ಕ ತಪ್ಪಿದರೆ

ನಮ್ಮದು ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿಯ ಸ್ಥಾವರ. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ತುಕ್ಕು ಹಿಡಿಯಲು ಕಬ್ಬಿಣದ ಡ್ರಮ್ಮಿಲ್ಲ. ದಿನಕ್ಕೆ 50 ಕೆ.ಜಿ. ಸಗಣಿ ಬೇಕು. ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವ ನಾಲ್ಕೈದು ಮಿಶ್ರತಳಿ ದನಗಳಿಂದ ಅಷ್ಟು ಸಿಗುತ್ತದೆ. ಮಲೆನಾಡು ಗಿಡ್ಡ ತಳಿಯ ದನವಾದರೆ ಈ ಲೆಕ್ಕ ನಡೆಯದು; ಆಳೂ ಸಣ್ಣದು, ಹಗಲು ಮೇಯುವಾಗಿನ ಸಗಣಿಯೆಲ್ಲ ಬೆಟ್ಟದ ಪಾಲು. ಕೆ.ಜಿ. ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಗಂಟೆಗೆ 450 ಲೀಟರ್ ಉರಿಸುವ ಒಂದು ಬರ್ನರ್ ನಾಲ್ಕು ಗಂಟೆಗೂ ತುಸು ಹೆಚ್ಚೇ ಉರಿಯುತ್ತದೆ.

ಗ್ಯಾಸ್ ಕಡಿಮೆಯಾದರೆ ಗುಮ್ಮಟ ಬಿರುಕು ಬಿಟ್ಟಿತೆಂದು ಹೆದರುವವರೇ ಹೆಚ್ಚು. ನಾನು ಮೊದಲು ಅನುಮಾನಿಸುವುದು ನೀರನ್ನು.

ಸಗಣಿ ಎಷ್ಟು ಬಕೆಟ್ಟೋ ನೀರೂ ಅಷ್ಟೇ. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಸಗಣಿ ಕಲಸುವ ತೊಟ್ಟಿಗೆ ಹರಿಯಬಿಟ್ಟರೆ ಕೆಟ್ಟಿತು. ಗುಮ್ಮಟದ ಕೆಳಗಿನ ಗುಂಡಿ ಕಟ್ಟಿದ್ದು ಸಗಣಿ, ನೀರು ಸೇರಿ ದಿನಕ್ಕೆ 100 ಲೀಟರಿನಂತೆ 40 ದಿನಕ್ಕೆ. 200 ಲೀಟರ್ ಸುರಿದರೆ ಸಗಣಿ 20 ದಿನಕ್ಕೇ ಅರೆಬರೆ ಕೊಳೆತು ಹೊರಬೀಳುತ್ತದೆ; ಒಲೆಗೆ ಬರಬೇಕಾದ ಗ್ಯಾಸ್ ಹೊರಗೆ ಗಾಳಿಗೆ ಹೋಗುತ್ತದೆ. ಹೊರಬಿದ್ದ ಬಗ್ಗಡ ನಾರುತ್ತಿದ್ದರೆ, ನೊಣ ಮುತ್ತುತ್ತಿದ್ದರೆ ಅದೇ ಗುರುತು. ಕಲಸಿದ್ದು ದೋಸೆ ಹಿಟ್ಟಿನ ಹದದಲ್ಲಿರಬೇಕು. ಹುಲ್ಲಿನ ಎಳೆಗಳನ್ನು ಕೈಯಲ್ಲೇ ಆರಿಸಿ ತೆಗೆಯುತ್ತೇನೆ. ಒಳಗೆ ಹೋದರೆ ತೇಲಿ ಗಟ್ಟಿ ಪದರ ಕಟ್ಟುತ್ತವೆ. ಮರಳು ತಳಕ್ಕೆ ಕೂರಲು ಹತ್ತು ನಿಮಿಷ ಬಿಟ್ಟು ಆಮೇಲೆ ಬಿರಡೆ ತೆಗೆಯುವುದು. ಫಿನೈಲ್, ಸೋಪಿನ ನೀರು ತೊಟ್ಟಿಯ ಹತ್ತಿರ ಸುಳಿಯಬಾರದು, ಗ್ಯಾಸ್ ಕೊಡುವ ಸೂಕ್ಷ್ಮಾಣುಗಳು ಸಾಯುತ್ತವೆ. ದನಕ್ಕೆ ಆಂಟಿಬಯಾಟಿಕ್ ಕೊಟ್ಟಿದ್ದರೆ ಆ ಸಗಣಿಯನ್ನು ಕೆಲವು ದಿನ ಗೊಬ್ಬರಗುಂಡಿಗೆ ಹಾಕಿ.

ಎರಡನೆಯದು ಪೈಪಿನ ನೀರು. ಗುಮ್ಮಟದಿಂದ ಬರುವ ಗ್ಯಾಸಿನಲ್ಲಿ ಆವಿ ತುಂಬಿರುತ್ತದೆ, ಪೈಪಿನೊಳಗೆ ತಣಿದು ಹನಿಯಾಗುತ್ತದೆ. ಪೈಪು ಎಲ್ಲಿ ಜೋತಿದೆಯೋ ಅಲ್ಲಿ ನಿಲ್ಲುತ್ತದೆ. ಉರಿ ಒಮ್ಮೆ ಏರಿ ಒಮ್ಮೆ ಕುಗ್ಗಿ ಕುಣಿಯುತ್ತದೆ, ಕಿವಿಗೊಟ್ಟರೆ ಗುಳುಗುಳು ಸದ್ದು. ಇದಕ್ಕೆ ಮೇಸ್ತ್ರಿ ಬೇಡ. ಹತ್ತು ಅಡಿಗೆ ಒಂದಿಂಚಿನಷ್ಟು ಇಳಿಜಾರು ಕೊಟ್ಟು, ಅತಿ ತಗ್ಗಿನ ಜಾಗದಲ್ಲಿ ಟೀ (T ಆಕಾರದ ಪೈಪಿನ ಜೋಡಣೆ) ಹಾಕಿ ಕೆಳಮುಖವಾಗಿ ಒಂದು ನಲ್ಲಿ ಕೂರಿಸಿದರಾಯಿತು. ಗುಮ್ಮಟದ ಗೇಟ್ ವಾಲ್ವ್ ಮುಚ್ಚಿ, ಸುತ್ತ ಬೆಂಕಿ ಇಲ್ಲವೆಂದು ನೋಡಿಕೊಂಡು, ನಲ್ಲಿ ತಿರುಗಿಸಿ ನೀರು ಬಿಡುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಇದನ್ನು ತಪ್ಪಿಸುವುದಿಲ್ಲ.

ಆಗಲೂ ಉರಿ ಸಾಲದಿದ್ದರೆ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಕಡ್ಡಿ ಗೀರಿ ಪರೀಕ್ಷಿಸುವ ಚಾಳಿ ಇನ್ನೂ ಇದೆ, ಅದು ಅಪಾಯ. ಉರಿ ಹಳದಿಯಾಗಿದ್ದರೆ ಗಾಳಿ ಸಾಲುತ್ತಿಲ್ಲ. ಹಾಲು ಉಕ್ಕಿ ಬರ್ನರ್ ಕಟ್ಟಿಕೊಂಡಿರುತ್ತದೆ, ತಂತಿಯಿಂದ ಬಿಡಿಸಬೇಕು. ಸಿಲಿಂಡರಿನ ಒಲೆ ಇಲ್ಲಿ ನಡೆಯದು. ಗೋಬರ್ ಗ್ಯಾಸಿನ ಒತ್ತಡ ಕಡಿಮೆ, ಗ್ಯಾಸ್ ಚಿಮ್ಮುವ ಜೆಟ್ಟಿನ ತೂತು ದೊಡ್ಡದಿರಬೇಕು.

ಬಗ್ಗಡವನ್ನು ದರಕಿನ (ಒಣಗಿದ ಎಲೆಗಳ) ಮೇಲೆ ಪದರಪದರವಾಗಿ ಸುರಿದರೆ ಅಡಕೆ ತೋಟಕ್ಕೆ ಹೊರುವುದು ಸುಲಭ. ಹೊರಗುಂಡಿಗೆ ಮಾತ್ರ ಮುಚ್ಚಳ ಇರಲಿ, ಕರು ಬೀಳುವುದಕ್ಕೆ ಹೊತ್ತು ಬೇಡ.