ಕೋಳಿ ಲಿವರಿನಲ್ಲಿ ಗ್ಲೈಕೋಜನ್ ಹುಡುಕಿದ್ದು

ಕಾರವಾರದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಉಂಡ ಮೇಲೆ ಹೆಚ್ಚಾದ ಸಕ್ಕರೆಯನ್ನು ಲಿವರ್ ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತದೆ ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ಈ ಸಲ ಮಕ್ಕಳಿಗೆ ಕಣ್ಣಾರೆ ತೋರಿಸಬೇಕು ಅನಿಸಿತು.

ಪೇಟೆಯಿಂದ ಕೋಳಿ ಲಿವರ್ ತಂದೆ. ಅರೆದು, ನೀರು ಸೇರಿಸಿ, ಎರಡು ಹನಿ ವಿನೆಗರ್ ಬಿಟ್ಟು ಕುದಿಸಿ ಸೋಸಿದೆ. ಆರಿದ ಮೇಲೆ ಅಯೋಡಿನ್ ಹಾಕಿದೆ. ಬಿಸಿಯಲ್ಲಿ ಹಾಕಿದರೆ ಬಣ್ಣ ನಿಲ್ಲುವುದಿಲ್ಲ. ಗ್ಲೈಕೋಜನ್ ಇದ್ದರೆ ಕೆಂಪು ಮಿಶ್ರಿತ ಕಂದು ಬಣ್ಣ ಬರಬೇಕಿತ್ತು. ಬರೀ ಹಳದಿ ಉಳಿಯಿತು.

ಆಮೇಲೆ ಹೊಳೆಯಿತು. ಆ ಕೋಳಿಗಳು ರಾತ್ರಿಯಿಡೀ ಲಾರಿಯಲ್ಲಿ ಹಸಿದು ಬಂದವು. ಹಸಿದಾಗ ರಕ್ತದಲ್ಲಿ ಗ್ಲುಕಗಾನ್ ಎಂಬ ಹಾರ್ಮೋನ್ ಏರುತ್ತದೆ. ಆಗ ಲಿವರ್ ಜೀವಕೋಶದ ಕಿಣ್ವಗಳಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಗ್ಲೈಕೋಜನ್ ಒಡೆಯುವ ಫಾಸ್ಫೊರಿಲೇಸ್ ಅದರಿಂದ ಚುರುಕಾಗುತ್ತದೆ. ಕಟ್ಟುವ ಸಿಂಥೇಸ್ ಅದೇ ಫಾಸ್ಫೇಟಿನಿಂದ ಸುಮ್ಮನಾಗುತ್ತದೆ. ಉಂಡಾಗ ಇನ್ಸುಲಿನ್ ಆ ಫಾಸ್ಫೇಟ್ ತೆಗೆಸುತ್ತದೆ, ಎಲ್ಲ ತಿರುವುಮುರುವು. ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ. ಹೀಗಿಲ್ಲದಿದ್ದರೆ ಒಂದು ಕಡೆ ಕಟ್ಟುತ್ತ, ಇನ್ನೊಂದು ಕಡೆ ಒಡೆಯುತ್ತ ಶಕ್ತಿ ಸುಮ್ನೆ ಹಾಳಾಗುತ್ತಿತ್ತು, ಅಲ್ವಾ?

ಭಾನುವಾರ ಅಂಕೋಲೆಯ ಮನೆಗೆ ಹೋದೆ. “ಆಯಿ, ಕೊಯ್ಯುವ ಮೊದಲು ಕೋಳಿಗೆ ಹೊಟ್ಟೆ ತುಂಬ ಅನ್ನ ಹಾಕು” ಎಂದೆ.

“ಕೊಯ್ಯುವ ಕೋಳಿಗೆ ಎಂತಕ್ಕೆ ಅನ್ನ?”

“ಲಿವರ್ ತುಂಬಲಿ ಅಂತ.”

ಎರಡು ತಾಸು ಬಿಟ್ಟು ಕೊಯ್ದರು. ಅರ್ಧ ಲಿವರನ್ನು ಕೂಡಲೇ ಕುದಿಯುವ ನೀರಿಗೆ ಹಾಕಿದೆ. ಕುದಿ ನೀರಿಗೆ ಬಿದ್ದ ಮೇಲೆ ಕಿಣ್ವ ಕೆಲಸ ಮಾಡುವುದಿಲ್ಲ, ಇದ್ದ ಗ್ಲೈಕೋಜನ್ ಇದ್ದ ಹಾಗೇ ಉಳಿಯುತ್ತದೆ. ಸೋಸಿದ ನೀರು ಗಂಜಿ ತಿಳಿಯ ಹಾಗೆ ಮಬ್ಬಾಗಿತ್ತು. ಅಯೋಡಿನ್ ಬಿದ್ದದ್ದೇ ತಡ, ಕೆಂಪುಗಂದು ಬಣ್ಣ ತಿರುಗಿತು. ಅನ್ನದ ಪಿಷ್ಟವಾಗಿದ್ದರೆ ನೀಲಿಯಾಗುತ್ತಿತ್ತು.

ಇನ್ನರ್ಧವನ್ನು ಸಂಜೆವರೆಗೆ ಹಾಗೇ ಇಟ್ಟು, ಆಮೇಲೆ ಅಷ್ಟೇ ನೀರಿನಲ್ಲಿ ಕುದಿಸಿದೆ. ಇದರಲ್ಲಿ ಬಣ್ಣ ತೀರಾ ತೆಳು. ಆದರೆ ಮೂತ್ರದ ಸಕ್ಕರೆ ನೋಡುವ ಪಟ್ಟಿ ಅದ್ದಿದಾಗ ಗ್ಲುಕೋಸ್ ಜಾಸ್ತಿ ಕಂಡಿತು. ಕೋಳಿ ಸತ್ತ ಮೇಲೂ ಕಿಣ್ವ ಒಡೆಯುತ್ತಲೇ ಇತ್ತು. 1855ರಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಲಿವರಿನೊಳಗೆ ನೀರು ಹಾಯಿಸಿ ಸಕ್ಕರೆಯೆಲ್ಲ ತೊಳೆದಿದ್ದರು. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ. 1857ರಲ್ಲಿ ಅವರು ಗ್ಲೈಕೋಜನ್ನನ್ನೇ ಬೇರೆ ಮಾಡಿ ತೆಗೆದರು.

ಸೋಮವಾರ ಎರಡೂ ಟ್ಯೂಬ್ ಕ್ಲಾಸಿಗೆ ಒಯ್ದೆ. “ಸರ್, ಸ್ನಾಯುವಿನಲ್ಲೂ ಗ್ಲೈಕೋಜನ್ ಇದೆಯಲ್ಲ, ಅದು ಯಾಕೆ ರಕ್ತಕ್ಕೆ ಸಕ್ಕರೆ ಕೊಡೋದಿಲ್ಲ?” ಎಂದಳು ಒಬ್ಬಳು. ಫಾಸ್ಫೇಟ್ ಅಂಟಿದ ಸಕ್ಕರೆ ಜೀವಕೋಶದಿಂದ ಹೊರಗೆ ಬರಲಾರದು. ಆ ಫಾಸ್ಫೇಟ್ ಬಿಡಿಸುವ ಕಿಣ್ವ ಲಿವರಿನಲ್ಲಿದೆ, ಸ್ನಾಯುವಿನಲ್ಲಿಲ್ಲ. ಬೋರ್ಡಿನ ಮೇಲೆ ಅದರ ಹೆಸರು ಬರೆದೆ: ಗ್ಲುಕೋಸ್-6-ಫಾಸ್ಫಟೇಸ್.