ಕೊಡಸಿಗೆ ಹೂ ಬೂಸ್ಟು ಹಿಡಿಯದಂತೆ ಒಣಗಿಸುವುದು, ತಂಬುಳಿ ಮಾಡುವುದು

ಏಪ್ರಿಲ್–ಮೇ ಹೊತ್ತಿಗೆ ಶಿರಸಿ, ಸಿದ್ದಾಪುರದ ಬೆಟ್ಟಗಳಲ್ಲಿ ಕೊಡಸಿಗೆ ಬೆಳ್ಳಗೆ ಹೂ ಬಿಡುತ್ತದೆ. ಆಯುರ್ವೇದದ ಕುಟಜ ಇದೇ. ಮಳೆಗಾಲದಲ್ಲಿ ಹೊಟ್ಟೆ ಕೆಟ್ಟರೆ ತಂಬುಳಿಗಾಗುತ್ತದೆಂದು ಹೂ ಒಣಗಿಸಿಡುವುದು ಹಳೆಯ ರೂಢಿ. ಆದರೆ ಆಷಾಢದಲ್ಲಿ ಡಬ್ಬಿ ತೆರೆದಾಗ ಎಷ್ಟೋ ಮನೆಗಳಲ್ಲಿ ಸಿಗುವುದು ಬೂಸ್ಟು. ಎಡವುವುದು ಒಣಗಿಸುವಲ್ಲಿಯೇ.

ಮೊದಲು ಮರ ಸರಿಯಾಗಿ ಗುರುತಿಸಿ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರಕ್ಕೂ ಬಿಳಿ ಹೂ, ಎಲೆ ಚಿವುಟಿದರೆ ಹಾಲು. ಹೂವಿನ ನಡುವೆ ನೋಡಿ: ಹಾಲೆಯದ್ದರಲ್ಲಿ ಎಳೆಎಳೆಯಾದ ಕುಚ್ಚು ಇರುತ್ತದೆ, ಕೊಡಸಿಗೆಯಲ್ಲಿ ಐದೇ ಎಸಳು, ನಡುವೆ ಬರಿದು.

ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಒದ್ದೆ ಹೂ ಬೇಡ.

ಈಗ ಒಣಗಿಸುವುದು. ತೊಟ್ಟು, ಎಲೆ ತೆಗೆದು ಚಾಪೆಯ ಮೇಲೆ ಬಟ್ಟೆ ಹಾಸಿ, ಹೂವಿನ ಮೇಲೆ ಹೂ ಬೀಳದಂತೆ ತೆಳುವಾಗಿ ಹರಡಿ. ರಾಶಿ ಹಾಕಿದರೆ ಒಳಗೆ ಬೆವತು ಕಪ್ಪಾಗುತ್ತದೆ. ದಿನಕ್ಕೆರಡು ಬಾರಿ ಮಗುಚಿ, ಸಂಜೆ ಒಳಗೆ ತನ್ನಿ. ರಾತ್ರಿಯ ತೇವ ಸಾಕು ಎರಡು ದಿನದ ಬಿಸಿಲನ್ನು ಹಾಳುಮಾಡಲು. ಒಳ್ಳೆಯ ಬಿಸಿಲಾದರೆ ಮೂರು ದಿನ. ಎಸಳು ಬೇಗ ಒಣಗುತ್ತದೆ, ಬುಡದ ಕೊಳವೆ ಒಣಗುವುದಿಲ್ಲ. ಬೂಸ್ಟು ಶುರುವಾಗುವುದು ಅಲ್ಲಿಂದ. ಹಾಗಾಗಿ ಎಸಳು ಮುಟ್ಟಿ ನೋಡಿ ಪ್ರಯೋಜನವಿಲ್ಲ. ಬುಡವನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು, ಬಾಗಿದರೆ ಇನ್ನೊಂದು ದಿನ ಬಿಸಿಲು ಕೊಡಿ. ಓವನ್ನಿನ ಅಡ್ಡದಾರಿ ಬೇಡ, ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಪೂರ್ತಿ ತಣಿದ ಮೇಲೆ ಗಾಜಿನ ಭರಣಿಗೆ ತುಂಬಿ. ಪ್ಲಾಸ್ಟಿಕ್ ಕೊಟ್ಟೆ ಬೇಡವೇ ಬೇಡ. ಪುಡಿ ಮಾಡಿದ್ದನ್ನು ಅಂಗಡಿಯಿಂದ ಕೊಳ್ಳಬೇಡಿ, ಪುಡಿಯಾದ ಮೇಲೆ ಯಾವ ಹೂವೆಂದು ಹೇಳುವುದು ಹೇಗೆ?

ತೊಗಟೆಯ ಔಷಧ ಬೇರೆಯೇ ವಿಷಯ, ಅದು ವೈದ್ಯರ ಕೆಲಸ. ಕಾಂಡದ ಸುತ್ತ ತೊಗಟೆ ಸುಲಿದರೆ ಮರವೇ ಸಾಯುತ್ತದೆ.

ನಾಲ್ವರ ತಂಬುಳಿಗೆ ಎರಡು ದೊಡ್ಡ ಚಮಚ ಹೂ ಸಾಕು. ಒಂದು ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಜೀರಿಗೆ ಚಟಪಟ ಎಂದಮೇಲೆ ಉರಿ ಸಣ್ಣ ಮಾಡಿ ಹೂ ಹಾಕಿ. ಅರ್ಧ ನಿಮಿಷ, ಅಷ್ಟೇ. ಕಪ್ಪಾದರೆ ಕಹಿಯಾಗುತ್ತದೆ. ಆರಿದ ಮೇಲೆ ಅರ್ಧ ಕಪ್ ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಎರಡು ಕಪ್ ಹುಳಿಯಿಲ್ಲದ ಮಜ್ಜಿಗೆ, ಉಪ್ಪು ಬೆರೆಸಿ. ಬಿಸಿ ಮಾಡಬೇಡಿ, ಒಡೆಯುತ್ತದೆ. ಒಗ್ಗರಣೆಗೆ ಸಾಸಿವೆ, ಒಂದು ಒಣಮೆಣಸು; ಬೆಳ್ಳುಳ್ಳಿ ಹಾಕಿದರೆ ಹೂವಿನ ಘಮ ಮುಚ್ಚಿಹೋಗುತ್ತದೆ.