ಮರುವಾಯಿ (ಚಿಪ್ಪುಮೀನು) ತರುವವರು ಇದನ್ನೊಮ್ಮೆ ಓದಿ
ಮಂಗಳೂರು, ಉಡುಪಿ ಕಡೆಯವರೇ, ಸುಕ್ಕ ಮಾಡಲು ಮಾರ್ಕೆಟ್‌ನಿಂದ ಮರುವಾಯಿ ತರ್ತೀರಲ್ವಾ? ಅದು ಅಳಿವೆಯ ನೀರನ್ನು ಸೋಸಿ ಬದುಕುವ ಜೀವಿ. ನೀರಿಗೆ ಕೊಳಚೆ ಸೇರಿದ್ದರೆ ಹೊಟ್ಟೆ ಕೆಡಿಸುವ ಇ. ಕೋಲಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳು ಅದರ ಒಳಗೇ ಉಳಿಯುತ್ತವೆ. ವಿಬ್ರಿಯೋ ಬ್ಯಾಕ್ಟೀರಿಯಾ ಅಂತೂ ಉಪ್ಪುನೀರಿನಲ್ಲೇ ಇರುತ್ತದೆ, ಬಿಸಿಲಿಗೆ ಬುಟ್ಟಿ ಇಟ್ಟರೆ ಬೇಗ ಜಾಸ್ತಿಯಾಗುತ್ತದೆ. ಚಿಪ್ಪನ್ನು ಎಷ್ಟು ತಿಕ್ಕಿ ತೊಳೆದರೂ ಇವು ಹೋಗುವುದಿಲ್ಲ.

ಬಾಯಿ ಬಿಟ್ಟ ಚಿಪ್ಪನ್ನು ಬೆರಳಿನಿಂದ ತಟ್ಟಿ ನೋಡಿ. ಮುಚ್ಚಿಕೊಳ್ಳದಿದ್ದರೆ ಎಸೆದುಬಿಡಿ. ಬೇಯಿಸುವಾಗ ಚಿಪ್ಪು ತೆರೆದ ಕೂಡಲೇ ಒಲೆ ಆರಿಸಬೇಡಿ, ಇನ್ನೂ 3ರಿಂದ 5 ನಿಮಿಷ ಚೆನ್ನಾಗಿ ಕುದಿಯಲಿ. ಆಮೇಲೂ ತೆರೆಯದ್ದನ್ನು ತಿನ್ನಬೇಡಿ. ನಿಂಬೆರಸ, ಖಾರ ಹಾಕಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಮನೆಯಲ್ಲಿ ಲಿವರ್ ತೊಂದರೆ ಇರುವವರಿಗೆ ಅರೆಬೆಂದದ್ದನ್ನು ದಯವಿಟ್ಟು ಕೊಡಲೇಬೇಡಿ. ಅವರ ರಕ್ತಕ್ಕೆ ವಿಬ್ರಿಯೋ ಸೇರಿದರೆ ಜೀವಕ್ಕೇ ಅಪಾಯ.